ಆಟಿಕೆ ಲಾರಿಗೆ ಉಗಿ ಎಂಜಿನ್: ಡಿಯೋಡ್ರೆಂಟ್ ಡಬ್ಬಿ ಬಿಡಿ, ಸ್ಟೆಪ್ನಿ ತನ್ನಿ

ಪ್ರಶ್ನೆ: ಮಗ ಎಂಟನೇ ಕ್ಲಾಸು. ಚನ್ನಪಟ್ಟಣದಿಂದ ತಂದ ಒಂದಡಿ ಉದ್ದದ ಮರದ ಲಾರಿ ಮನೆಯಲ್ಲಿದೆ. ಅದಕ್ಕೆ ನಿಜವಾಗಿ ಓಡುವ ಸ್ಟೀಮ್ ಎಂಜಿನ್ ಕೂರಿಸಬೇಕು ಅಂತ ಇಬ್ಬರಿಗೂ ಆಸೆ. ಖಾಲಿ ಡಿಯೋಡ್ರೆಂಟ್ ಡಬ್ಬಿಯನ್ನೇ ಬಾಯ್ಲರ್ ಮಾಡಿ, ಎಂ-ಸೀಲ್ ಮೆತ್ತಿ, 5 ಎಂಎಲ್ ಸಿರಿಂಜನ್ನು ಸಿಲಿಂಡರ್ ಮಾಡಿ, ಕೆಳಗೆ ಎರಡು ಮೇಣದಬತ್ತಿ ಇಟ್ಟರೆ ಓಡುತ್ತದಾ ಸಾರ್? ಮೊದಲು ಕುಕ್ಕರ್‌ನಿಂದ ಪೈಪ್ ಎಳೆದು ನೋಡಬಹುದಾ? ಸರಿಯಾದ ದಾರಿ ಯಾವುದು?
— ಹಾಸನದ ಓದುಗರೊಬ್ಬರು

ಉತ್ತರ: ಓಡುವುದಿಲ್ಲ ಸ್ವಾಮಿ. ಓಡದಿದ್ದರೇ ನಿಮ್ಮ ಪುಣ್ಯ. ಓಡುವಷ್ಟು ಉಗಿ ಆ ಡಬ್ಬಿಯಲ್ಲಿ ತುಂಬಿದರೆ ಅದನ್ನು ತಡೆದು ನಿಲ್ಲಿಸಲು ಅಲ್ಲಿರುವುದು ಎಂ-ಸೀಲ್ ಒಂದೇ. ಸೋರುವ ನಲ್ಲಿಗೆ ಅದು ಸರಿ, 120 ಡಿಗ್ರಿ ಬಿಸಿಯಲ್ಲಿ ಒತ್ತಡ ತಡೆಯುವ ಕೆಲಸಕ್ಕಲ್ಲ. ಜೊತೆಗೆ, ಖಾಲಿ ಅಂದುಕೊಂಡ ಡಬ್ಬಿಯಲ್ಲೂ ಒಂದಿಷ್ಟು ಗ್ಯಾಸ್ ಉಳಿದಿರುತ್ತದೆ. ಅದು ಅಡುಗೆ ಗ್ಯಾಸಿನ ಜಾತಿಯದೇ. ಅದನ್ನು ಕೊರೆಯುವುದೂ ಬೇಡ, ಬೆಂಕಿಯ ಮೇಲಿಡುವುದೂ ಬೇಡ. ಪ್ಲಾಸ್ಟಿಕ್ ಸಿರಿಂಜ್ ಬಿಸಿಗೆ ಮೆತ್ತಗಾಗಿ ಒಳಗಿನ ರಬ್ಬರ್ ಹಿಡಿದುಕೊಳ್ಳುತ್ತದೆ. ಆದರೂ ಅದನ್ನು ಎಸೆಯಬೇಡಿ, ಮುಂದೆ ಬೇರೆ ಕೆಲಸಕ್ಕೆ ಬೇಕು.

ಈ ಆಸೆ ಇದೆಯಲ್ಲ, ಅದು ತುಂಬಾ ಹಳೇ ಹುಚ್ಚು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ರೆಡ್ರೂತ್‌ನಲ್ಲಿ ವಿಲಿಯಂ ಮರ್ಡಾಕ್ ಅಂತ ಒಬ್ಬ ಇದ್ದ. ಜೇಮ್ಸ್ ವಾಟ್‌ನ ಕಂಪನಿಯ ಎಂಜಿನ್‌ಗಳನ್ನು ಗಣಿಗಳಲ್ಲಿ ಕೂರಿಸುವುದು ಅವನ ಕೆಲಸ. 1784ರ ಹೊತ್ತಿಗೆ ಅವನು ಮಾಡಿದ್ದು ಹೆಚ್ಚುಕಡಿಮೆ ನಿಮ್ಮ ಮನಸ್ಸಿನಲ್ಲಿರುವ ಗಾಡಿಯೇ: ಮೂರು ಚಕ್ರ, ಪುಟ್ಟ ಬಾಯ್ಲರ್, ಕೆಳಗೊಂದು ಸ್ಪಿರಿಟ್ ದೀಪ. ಒಂದು ರಾತ್ರಿ ಚರ್ಚ್ ದಾರಿಯಲ್ಲಿ ಓಡಿಸಲು ಹೋದಾಗ ಅದು ಅವನ ಕೈ ತಪ್ಪಿ ಓಡಿತಂತೆ. ಎದುರಿಗೆ ಬರುತ್ತಿದ್ದ ಪಾದ್ರಿ ಸಾಕ್ಷಾತ್ ಸೈತಾನನೇ ಬಂದ ಅಂತ ಕಿರುಚಿಕೊಂಡರು ಅನ್ನುವ ಕಥೆ ಇದೆ. ಅದಕ್ಕೂ ಮುಂಚೆ, 1770ರ ಸುಮಾರಿಗೆ, ಫ್ರಾನ್ಸಿನಲ್ಲಿ ಕ್ಯೂನ್ಯೋ ಎಂಬಾತ ಫಿರಂಗಿ ಎಳೆಯಲು ದೊಡ್ಡ ಉಗಿ ಗಾಡಿಯನ್ನೇ ಕಟ್ಟಿದ್ದ. ಲೋಕದ ಮೊದಲ ಲಾರಿ ಅಂದರೆ ಅದೇ ಅನ್ನಬೇಕು. ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ ಈಗಲೂ ಇದೆ. ಅದರ ಎಂಜಿನ್ ಕೆಲಸ ಮಾಡುತ್ತಿತ್ತು. ಆದರೆ ಬಾಯ್ಲರಿನಲ್ಲಿ ಉಗಿ ಸಾಲುತ್ತಿರಲಿಲ್ಲ. ಕಾಲು ಗಂಟೆ ಹೋದರೆ ನಿಲ್ಲಬೇಕು, ಮತ್ತೆ ಉಗಿ ಏಳುವ ತನಕ ಕಾಯಬೇಕು.

ನಿಮ್ಮ ಲಾರಿಯ ಕಥೆಯೂ ಇದೇ ಆಗುತ್ತದೆ. ಎಲ್ಲರೂ ಪಿಸ್ಟನ್, ಕ್ರ್ಯಾಂಕ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಒಂದು ವಾರದ ಕೆಲಸ. ಕಷ್ಟ ಇರುವುದು ಬಾಯ್ಲರ್ ಮತ್ತು ಬೆಂಕಿಯಲ್ಲಿ. ಅದಕ್ಕೇ ನನ್ನ ಕ್ರಮ ತಲೆಕೆಳಗು: ಮೊದಲು ಚಕ್ರ ಮತ್ತು ಎಂಜಿನ್ ಮಾಡಿ ಬರೀ ಗಾಳಿಯಲ್ಲಿ ಓಡಿಸಿ. ಗಾಳಿಯಲ್ಲಿ ಓಡಿದ ಮೇಲೆಯೇ ಬಾಯ್ಲರಿಗೆ ಕೈ ಹಾಕಿ.

ಕುಕ್ಕರ್ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ವೆಯ್ಟ್ ಕೂರುವ ಜಾಗಕ್ಕೆ ಪೈಪ್ ಸಿಕ್ಕಿಸಿ ಎಂಜಿನ್ ಓಡಿಸುವವರನ್ನು ನಾನೂ ನೋಡಿದ್ದೇನೆ. ಓಡುವಷ್ಟು ಹೊತ್ತು ತೊಂದರೆ ಇಲ್ಲ. ಆದರೆ ಈ ಪುಟ್ಟ ಎಂಜಿನ್ ನಿಂತರೆ ಅದರ ಉಗಿ ತೂತು ಮುಚ್ಚಿಕೊಂಡೇ ನಿಲ್ಲುವ ಸಂಭವ ಜಾಸ್ತಿ. ಆಗ ನೀವು ಕುಕ್ಕರಿನ ವಿಸಲ್ ದಾರಿಯನ್ನೇ ಬಿರಡೆ ಹಾಕಿ ಮುಚ್ಚಿದ ಹಾಗಾಯಿತು. ಉಳಿಯುವುದು ಮುಚ್ಚಳದ ಸೇಫ್ಟಿ ವಾಲ್ವ್ ಒಂದೇ. ಅದು ಎಲ್ಲವೂ ಕೈಕೊಟ್ಟಾಗ ಕೊನೆಗೆ ಇರಲಿ ಅಂತ ಇಟ್ಟದ್ದು, ದಿನಾ ಅದನ್ನೇ ನೆಚ್ಚಿಕೊಳ್ಳಲು ಅಲ್ಲ. ಬೇಡ.

ಈಗ ಎಂಜಿನ್. ನಿಮಗೆ ಬೇಕಾದದ್ದು ತೂಗಾಡುವ ಸಿಲಿಂಡರಿನ ಎಂಜಿನ್. ಬ್ರಿಟನ್ನಿನ ಮಾಮೋಡ್ ಕಂಪನಿ 1970ರ ದಶಕದಲ್ಲಿ ತಂದ ಆಟಿಕೆ ಸ್ಟೀಮ್ ಲಾರಿಯಲ್ಲೂ ಇದೇ ಜಾತಿಯ ಎಂಜಿನ್. ಇದರಲ್ಲಿ ಬೇರೆ ವಾಲ್ವ್ ಇಲ್ಲ, ಅದೇ ಇದರ ಸೊಗಸು. ಹಿತ್ತಾಳೆಯ ಒಂದು ದಪ್ಪ ಹಲಗೆ. ಅದಕ್ಕೆ ಬೆನ್ನು ಒತ್ತಿಕೊಂಡು, ಒಂದು ಗೂಟದ ಮೇಲೆ ಸಿಲಿಂಡರ್ ತೂಗುತ್ತಿರುತ್ತದೆ. ಪಿಸ್ಟನ್ ರಾಡ್ ನೇರವಾಗಿ ಕ್ರ್ಯಾಂಕ್ ಪಿನ್ನಿಗೆ, ಅಂದರೆ ಶಾಫ್ಟನ್ನು ತಿರುಗಿಸುವ ಹಿಡಿಕೆಯ ಪಿನ್ನಿಗೆ, ಸಿಕ್ಕಿಕೊಂಡಿರುತ್ತದೆ. ಕ್ರ್ಯಾಂಕ್ ತಿರುಗಿದಂತೆ ಸಿಲಿಂಡರ್ ತೊಟ್ಟಿಲ ಹಾಗೆ ಅತ್ತ ಇತ್ತ ವಾಲುತ್ತದೆ. ಸಿಲಿಂಡರಿನ ಬೆನ್ನಲ್ಲಿ ಒಂದು ತೂತು, ಹಲಗೆಯಲ್ಲಿ ಎರಡು ತೂತು. ಒಂದು ಕಡೆ ವಾಲಿದಾಗ ಉಗಿ ಬರುವ ತೂತಿಗೆ ಎದುರಾಗುತ್ತದೆ, ಇನ್ನೊಂದು ಕಡೆ ವಾಲಿದಾಗ ಹೊರಹೋಗುವ ತೂತಿಗೆ. ವಾಲಾಟವೇ ವಾಲ್ವ್.

ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ಸಿಲಿಂಡರಿನ ಒಳ ಅಗಲ 10 ಮಿಲಿಮೀಟರ್. ಪಿಸ್ಟನ್ ಓಡುವ ದೂರ 16, ಅಂದರೆ ಕ್ರ್ಯಾಂಕ್ ಪಿನ್ ಶಾಫ್ಟಿನ ನಡುವಿನಿಂದ 8 ಮಿ.ಮೀ. ದೂರದಲ್ಲಿರಬೇಕು. ಶಾಫ್ಟಿನ ನಡುವಿನಿಂದ ಸಿಲಿಂಡರ್ ತೂಗುವ ಗೂಟಕ್ಕೆ 40. ಗೂಟದಿಂದ ಸಿಲಿಂಡರಿನ ತೂತಿಗೆ, ಶಾಫ್ಟಿನ ವಿರುದ್ಧ ದಿಕ್ಕಿಗೆ, 12. ಈಗ ಲೆಕ್ಕ ಸುಲಭ. 8ಕ್ಕೂ 40ಕ್ಕೂ ಒಂದಕ್ಕೆ ಐದರ ಸಂಬಂಧ. 12ರ ಐದನೇ ಒಂದು ಭಾಗ 2.4. ಅಂದರೆ ಸಿಲಿಂಡರಿನ ತೂತು ನಡುಗೆರೆಯಿಂದ ಆ ಕಡೆ 2.4, ಈ ಕಡೆ 2.4 ಮಿ.ಮೀ. ಸರಿಯುತ್ತದೆ. ಹಲಗೆಯ ಎರಡು ತೂತುಗಳೂ ಅಲ್ಲೇ ಇರಬೇಕು. ತಗಡಿನ ಒಂದು ಪಟ್ಟಿಗೆ 12 ಮಿ.ಮೀ. ಅಂತರದಲ್ಲಿ ಎರಡು ತೂತು ಹಾಕಿ, ಒಂದನ್ನು ಗೂಟಕ್ಕೆ ಸಿಕ್ಕಿಸಿ, ಇನ್ನೊಂದರಲ್ಲಿ ಮೊಳೆ ಇಟ್ಟು ಹಲಗೆಯ ಮೇಲೆ ಕಮಾನಿನ ಗೆರೆ ಎಳೆಯಿರಿ. ಗೆರೆಯ ಮೇಲೆ ಅಳೆದು ಪಂಚ್ ಹೊಡೆಯಿರಿ.

ತೂತುಗಳ ಗಾತ್ರ 2 ಮಿ.ಮೀ. ಜಾಸ್ತಿ ಬೇಡ. ಇಲ್ಲಿ ನನ್ನ ಪೆದ್ದುತನ ಹೇಳಿಕೊಳ್ಳಬೇಕು. ನಾನು ಮೊದಲ ಎಂಜಿನ್ ಮಾಡಿದಾಗ, ದೊಡ್ಡ ತೂತಾದರೆ ಉಗಿ ಜಾಸ್ತಿ, ಉಗಿ ಜಾಸ್ತಿಯಾದರೆ ಶಕ್ತಿ ಜಾಸ್ತಿ ಅಂದುಕೊಂಡು 3 ಮಿ.ಮೀ. ಬಿಟ್ ಹಾಕಿದೆ. ಎಂಜಿನ್ ಬುಸ್ ಅಂತ ಬುಸುಗುಟ್ಟಿತು, ಅಲ್ಲಾಡಲೇ ಇಲ್ಲ. ಎರಡು ದಿನ ಪಿಸ್ಟನ್ ತಿಕ್ಕಿದೆ, ಸ್ಪ್ರಿಂಗ್ ಬದಲಾಯಿಸಿದೆ, ಲೇತ್‌ನವನನ್ನು ಬೈದೆ. ಕೊನೆಗೆ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಾಗದದ ಮೇಲೆ ಚಿತ್ರ ಬರೆದಾಗ ಗೊತ್ತಾಯಿತು. ನಡುವಿನಲ್ಲಿ ನಿಂತಾಗ ಸಿಲಿಂಡರಿನ 3 ಮಿ.ಮೀ. ತೂತು ಹಲಗೆಯ ಎರಡೂ ತೂತುಗಳನ್ನು ಒಟ್ಟಿಗೇ ತಾಗುತ್ತಿತ್ತು. ಉಗಿ ಈ ಬಾಗಿಲಿಂದ ಬಂದು ಆ ಬಾಗಿಲಿಂದ ಹೋಗುತ್ತಿತ್ತು. ತೂತಿನ ಅಗಲ 2.4ಕ್ಕಿಂತ ಕಡಿಮೆ ಇದ್ದರೆ ಮಾತ್ರ ನಡುವಿನಲ್ಲಿ ಎರಡೂ ಮುಚ್ಚಿರುತ್ತವೆ. 2 ಹಾಕಿದರೆ 0.4 ಮಿ.ಮೀ. ಮಿಗುತ್ತದೆ. ಆ ಕೂದಲೆಳೆಯಷ್ಟು ಜಾಗದ ಮೇಲೇ ಇಡೀ ಎಂಜಿನ್ ನಿಂತಿದೆ.

ಸಿಲಿಂಡರಿಗೆ ಹಿತ್ತಾಳೆ, ಪಿಸ್ಟನ್ನಿಗೆ ಸ್ಟೇನ್‌ಲೆಸ್ ಸ್ಟೀಲ್. ಊರಿನ ಯಾವ ಲೇತ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ. ಡ್ರಿಲ್ ಮಾಡಿ ಬಿಟ್ಟರೆ ಸಾಲದು, ತೂತನ್ನು ನುಣುಪು ಮಾಡಿ ಸರಿಯಳತೆಗೆ ತರುವ 10 ಮಿ.ಮೀ. ರೀಮರ್ ಹಾಕಲು ಹೇಳಿ. ಪಿಸ್ಟನ್ ತನ್ನ ತೂಕಕ್ಕೇ ನಿಧಾನವಾಗಿ ಕೆಳಗಿಳಿಯಬೇಕು. ಇನ್ನೊಂದು ತುದಿಯನ್ನು ಬೆರಳಿಂದ ಮುಚ್ಚಿದರೆ ಅಲ್ಲೇ ನಿಲ್ಲಬೇಕು. ಇಷ್ಟೇ ಪರೀಕ್ಷೆ.

ಆಮೇಲೆ ಬೆನ್ನು ಮತ್ತು ಹಲಗೆ ಉಜ್ಜುವ ಕೆಲಸ. ಇದನ್ನು ಮಗನಿಗೆ ಕೊಡಿ. ಕಿಟಕಿ ಗಾಜಿನ ತುಂಡಿನ ಮೇಲೆ 1000 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಚಿಮುಕಿಸಿ, ಇಂಗ್ಲಿಷ್ 8ರ ಆಕಾರದಲ್ಲಿ ಉಜ್ಜಬೇಕು. ಮೊದಲು ಮಾರ್ಕರ್ ಪೆನ್ನಿನಿಂದ ಪೂರ್ತಿ ಬಣ್ಣ ಬಳಿಯಿರಿ. ಎಲ್ಲೂ ಬಣ್ಣ ಉಳಿಯದ ತನಕ ಉಜ್ಜಿ. ಸಿಲಿಂಡರನ್ನು ಹಲಗೆಗೆ ಒತ್ತಿ ಹಿಡಿಯಲು ಗೂಟದ ಹಿಂಬದಿಗೆ ಬಾಲ್‌ಪೆನ್ ಸ್ಪ್ರಿಂಗ್ ಸಾಕು. ಜಾಸ್ತಿ ಬಿಗಿ ಮಾಡಿದರೆ ಎಂಜಿನ್ನಿನ ಶಕ್ತಿಯೆಲ್ಲ ಉಜ್ಜಾಟಕ್ಕೇ ಹೋಗುತ್ತದೆ. ಶಾಫ್ಟಿಗೆ ಕೂರಿಸುವ ಭಾರದ ಚಕ್ರ, ಅಂದರೆ ಫ್ಲೈವೀಲ್, 45 ಮಿ.ಮೀ. ಆಸುಪಾಸು, ಅಂಚು ಭಾರ ಇರಲಿ.

ಈಗ ಸ್ಟೆಪ್ನಿ. ಕಾರಿನ ಸ್ಟೆಪ್ನಿಯ ಗಾಳಿಯನ್ನು 15 ಪಾಯಿಂಟಿಗೆ ಇಳಿಸಿ, ಕಾಲಲ್ಲಿ ಒತ್ತುವ ಪಂಪಿನ ಹಳೇ ಪೈಪನ್ನು ಅದರ ವಾಲ್ವಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಂಜಿನ್ನಿಗೆ ಕೊಡಿ. ನಡುವೆ ಒಂದು ಸಣ್ಣ ನಲ್ಲಿ ಇರಲಿ. ಕೊಳಾಯಿಯ ನಲ್ಲಿಯಲ್ಲ, ಗಾಳಿ ಪೈಪಿಗೆ ಹಾಕುವ ಹಿತ್ತಾಳೆಯದು. ಎಣ್ಣೆ ಬಿಟ್ಟು ಫ್ಲೈವೀಲನ್ನು ಬೆರಳಿಂದ ತಟ್ಟಿ. ಒಳ್ಳೆಯ ಎಂಜಿನ್ ನಾಲ್ಕೈದು ಪಾಯಿಂಟಿಗೇ ಓಡುತ್ತದೆ. ಹಾಗೆ ಓಡದ ಎಂಜಿನ್ ಉಗಿಯಲ್ಲಿ ಖಂಡಿತಾ ಓಡುವುದಿಲ್ಲ, ಯಾಕೆಂದರೆ ಉಗಿಗೆ ದಾರಿಯಲ್ಲೇ ತಣ್ಣಗಾಗಿ ನೀರಾಗುವ ಚಟ ಇದೆ, ಗಾಳಿಗೆ ಇಲ್ಲ. ಒಂದು ಸಂಜೆ ಪೂರ್ತಿ ಗಾಳಿಯಲ್ಲೇ ಓಡಿಸಿ. ಎಂಜಿನ್ ಪಳಗುತ್ತದೆ.

ಇನ್ನು ಬೆಂಕಿ ಎಷ್ಟು ಬೇಕು? ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ನಿಮ್ಮ ಸಿಲಿಂಡರ್ ಒಂದು ಸುತ್ತಿಗೆ ಸುಮಾರು 1.25 ಸಿಸಿ ಉಗಿ ಕುಡಿಯುತ್ತದೆ. ನಿಮಿಷಕ್ಕೆ 600 ಸುತ್ತು ಅಂದರೆ 750 ಸಿಸಿ. ಒಂದು ಕೆಜಿ ಒತ್ತಡದಲ್ಲಿ (ಚದರ ಸೆಂಟಿಮೀಟರಿಗೆ ಒಂದು ಕೆಜಿ) ಅಷ್ಟು ಉಗಿಯ ತೂಕ ಒಂದು ಗ್ರಾಮಿಗಿಂತ ಕಡಿಮೆ. ಸೋರಿದ್ದು, ತಣ್ಣಗಾಗಿ ನೀರಾದದ್ದು ಎಲ್ಲ ಸೇರಿಸಿ ಎರಡೂವರೆ ಗ್ರಾಂ ಇಟ್ಟುಕೊಳ್ಳಿ. ತಣ್ಣೀರನ್ನು ಆ ವೇಗದಲ್ಲಿ ಉಗಿ ಮಾಡಲು ಸುಮಾರು 110 ವ್ಯಾಟ್ ಬಿಸಿ ನೀರಿಗೆ ತಲುಪಬೇಕು. ಒಂದು ಮೇಣದಬತ್ತಿ ಕೊಡುವುದು ಸುಮಾರು 80 ವ್ಯಾಟ್. ಅದರಲ್ಲಿ ಮುಕ್ಕಾಲು ಪಾಲು ಬದಿಯಿಂದ ಹಾರಿಹೋಗುತ್ತದೆ. ನಿಮ್ಮ ಎರಡು ಮೇಣದಬತ್ತಿಗೆ ನೀರು ಬಿಸಿಯಾಗುತ್ತದೆ, ತಳಕ್ಕೆ ಮಸಿ ಹಿಡಿಯುತ್ತದೆ, ಅಷ್ಟೇ. ಕರ್ಪೂರ ಇಡಬಹುದಾ ಅಂತ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಅದರ ಮಸಿ ಮೇಣದ್ದಕ್ಕಿಂತ ಅತ್ತ.

ಬೇಕಾದದ್ದು ಸ್ಪಿರಿಟ್. ಮರಕ್ಕೆ ಪಾಲಿಶ್ ಹಾಕುವವರು ಬಳಸುವುದು, ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ನಿಮಿಷಕ್ಕೆ ಒಂದು ಎಂಎಲ್ ಉರಿದರೆ ಈ ಎಂಜಿನ್ನಿಗೆ ಸರಿಹೋಗುತ್ತದೆ. ಚಪ್ಪಟೆ ತಗಡಿನ ಡಬ್ಬಿ, ಮೇಲೆ ಹತ್ತಿಯ ಬತ್ತಿ ಹಾಕಿದ ಎರಡು ಮೂರು ಕೊಳವೆ, ಅಷ್ಟು ಸಾಕು. ಒಂದು ಎಚ್ಚರ: ಸ್ಪಿರಿಟ್ಟಿನ ಜ್ವಾಲೆ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಬಿಸಿ ದೀಪಕ್ಕೆ ಬಾಟಲಿಯಿಂದ ಸುರಿದವರು ಕೈ ಸುಟ್ಟುಕೊಂಡಿದ್ದಾರೆ. ದೀಪವನ್ನು ಹೊರಗೆಳೆದು, ಪೂರ್ತಿ ತಣ್ಣಗಾದ ಮೇಲೆ, ನಿಮ್ಮ ಸಿರಿಂಜಿನಿಂದ ಅಳೆದು ತುಂಬಿ. ಹದಿನೈದು ಎಂಎಲ್. ಮೂರು ಸಿರಿಂಜ್, ಒಂದು ಹನಿಯೂ ಜಾಸ್ತಿ ಬೇಡ. ಯಾಕೆ ಅಂತ ಈಗ ಹೇಳುತ್ತೇನೆ.

ಬಾಯ್ಲರಿಗೆ 42 ಮಿ.ಮೀ. ತಾಮ್ರದ ಪೈಪು, 90 ಮಿ.ಮೀ. ಉದ್ದ. ಆಸ್ಪತ್ರೆಗಳಲ್ಲಿ ಆಕ್ಸಿಜನ್ ಲೈನ್ ಎಳೆಯುವವರ ಬಳಿ, ದೊಡ್ಡ ಎಸಿ ಕೂರಿಸುವವರ ಬಳಿ ತುಂಡು ಉಳಿದಿರುತ್ತದೆ. ಅದೇ ಅಳತೆಯ ತಾಮ್ರದ ಮುಚ್ಚಳಗಳೂ ಸಿಗುತ್ತವೆ. ಹಿತ್ತಾಳೆ ಪೈಪು ಬೇಡ. ಬಿಸಿನೀರು ಹಿತ್ತಾಳೆಯಲ್ಲಿರುವ ಸತುವನ್ನು ಕಾಲಾಂತರದಲ್ಲಿ ತಿಂದು ಟೊಳ್ಳು ಮಾಡುತ್ತದೆ. ಮುಚ್ಚಳವನ್ನು ರೇಡಿಯೋ ರಿಪೇರಿ ಬೆಸುಗೆಯಲ್ಲಿ ಅಂಟಿಸಬಾರದು. ಆ ಸೀಸ-ತವರ 183 ಡಿಗ್ರಿಗೇ ಕರಗುತ್ತದೆ. ಒಳಗೆ ನೀರಿರುವ ತನಕ ತಾಮ್ರ 120ರ ಮೇಲೆ ಹೆಚ್ಚು ಏರುವುದಿಲ್ಲ, ಸರಿ. ನೀರು ಮುಗಿದರೆ?

ನನಗೆ ಅದು ಗೊತ್ತಿದ್ದೂ ಮಾಡಿದೆ. ಬೇಗ ನೋಡುವ ಆತುರ. ದೀಪದ ತುಂಬ ಸ್ಪಿರಿಟ್ ಹುಯ್ದಿದ್ದೆ, ನೀರು ಎಷ್ಟಿದೆ ಅಂತ ನೋಡಿರಲಿಲ್ಲ. ಎಂಜಿನ್ ಚೆನ್ನಾಗಿ ಓಡುತ್ತಿತ್ತು, ಇದ್ದಕ್ಕಿದ್ದಂತೆ ವೇಗ ಇಳಿಯಿತು. ಬಗ್ಗಿ ನೋಡಲು ಹೋಗುವಷ್ಟರಲ್ಲಿ ಮುಚ್ಚಳದ ಸುತ್ತ ಬೆಳ್ಳಗೆ ಹೊಳೆಯುವ ಉಂಗುರ ಕಾಣಿಸಿತು. ಬೆಸುಗೆ ಕರಗುತ್ತಿತ್ತು. ಮುಚ್ಚಳ ಟಪ್ ಅಂತ ನೆಲಕ್ಕೆ ಬಿತ್ತು, ಉಳಿದಿದ್ದ ಉಗಿ ಉಸ್ಸೆಂದು ಹೋಯಿತು. ಒತ್ತಡ ಉಳಿದಿರಲಿಲ್ಲ, ಬಚಾವಾದೆ. ಅವತ್ತಿನಿಂದ ನನ್ನ ಲೆಕ್ಕ ಒಂದೇ: ನೀರಿಗಿಂತ ಮೊದಲು ಬೆಂಕಿ ಸಾಯಬೇಕು. ಈ ಬಾಯ್ಲರಿಗೆ 75 ಸಿಸಿ ನೀರು ಹಾಕಿ, ಮೂರರಲ್ಲಿ ಎರಡು ಪಾಲು. 15 ಎಂಎಲ್ ಸ್ಪಿರಿಟ್ಟಿನಲ್ಲಿ ಐದಾರು ನಿಮಿಷ ಕಾಯಲು, ಒಂಬತ್ತು ಹತ್ತು ನಿಮಿಷ ಓಡಲು. ಅಷ್ಟರಲ್ಲಿ ಖರ್ಚಾಗುವ ನೀರು 25 ಸಿಸಿ. ದೀಪ ಆರಿದಾಗಲೂ ಹಾಕಿದ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಳಗೆ ಉಳಿದಿರುತ್ತದೆ. ಬೋರ್‌ವೆಲ್ ನೀರು ಮಾತ್ರ ಹಾಕಬೇಡಿ, ಸುಣ್ಣ ಕಟ್ಟುತ್ತದೆ. ಮಳೆನೀರು ಅಥವಾ ಆರ್‌ಓ ನೀರು ಸರಿ.

ಬೆಸುಗೆಯನ್ನು ಎಸಿ ಮೆಕ್ಯಾನಿಕ್ ಕೈಲಿ ಬ್ರೇಜಿಂಗ್ ಮಾಡಿಸಿ. ಅದು ಕರಗಲು 600 ಡಿಗ್ರಿ ದಾಟಬೇಕು. ಮುಚ್ಚಳದ ಮೇಲಿನ ಒತ್ತಡ ನೋಡಿ: ಒಳಗಿನ ವಿಸ್ತೀರ್ಣ 12 ಚದರ ಸೆಂಟಿಮೀಟರ್, ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕೆಜಿ. ಅಂದರೆ ಅರ್ಧ ಮೂಟೆ ಸಿಮೆಂಟಿನ ಅರ್ಧದಷ್ಟು ಭಾರ ಆ ಪುಟ್ಟ ಮುಚ್ಚಳವನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಮೇಲೆ ಮೂರು ಹಿತ್ತಾಳೆ ಬುಷ್ (ಒಳಗೆ ಮರೆ ಇರುವ ಬಳೆ) ಬೇಕು: ಉಗಿ ಪೈಪಿಗೆ, ಸೇಫ್ಟಿ ವಾಲ್ವಿಗೆ, ಇನ್ನೊಂದು ಒತ್ತಡದ ಗೇಜಿಗೆ. ಹಿತ್ತಾಳೆ ಕೂರಿಸುವಾಗ, ಬೆಸುಗೆ ಹಿಡಿಯಲು ಬಳಿಯುವ ಫ್ಲಕ್ಸ್ ಮರೆಯಬಾರದು ಅಂತ ಮೆಕ್ಯಾನಿಕ್‌ಗೆ ನೆನಪಿಸಿ, ಬರೀ ತಾಮ್ರ ಬೆಸೆದು ಅಭ್ಯಾಸವಾದವರು ಮರೆಯುತ್ತಾರೆ.

ಸೇಫ್ಟಿ ವಾಲ್ವ್ ಅಂದರೆ ಕುಕ್ಕರ್ ವೆಯ್ಟಿನ ತಮ್ಮ. 5 ಮಿ.ಮೀ. ತೂತಿನ ಮೇಲೆ ಸ್ಟೇನ್‌ಲೆಸ್ ಗುಂಡು, ಗುಂಡಿನ ಮೇಲೆ ಸ್ಪ್ರಿಂಗ್. ಒಂದು ಕೆಜಿ ಒತ್ತಡದಲ್ಲಿ ಅಷ್ಟು ತೂತಿನ ಮೇಲೆ ಬೀಳುವ ಬಲ ಸುಮಾರು 200 ಗ್ರಾಂ. ಸ್ಪ್ರಿಂಗನ್ನು ಅಡುಗೆ ಮನೆಯ ತಕ್ಕಡಿ ಮೇಲೆ ಒತ್ತಿ ನೋಡಿ ಹೊಂದಿಸಬಹುದು. ತೂಕದ ವಾಲ್ವ್ ಬೇಡ, ಲಾರಿ ಕುಲುಕಿದರೆ ಅದು ಹಾರುತ್ತದೆ.

ಬೆಂಕಿ ಹಚ್ಚುವ ಮುಂಚೆ ತಣ್ಣೀರಿನ ಪರೀಕ್ಷೆ. ಇದನ್ನು ಬಿಟ್ಟರೆ ನನ್ನ ಹತ್ತಿರ ಮಾತಾಡಬೇಡಿ. ಗಾಳಿ ಗುಳ್ಳೆಯೂ ಇರದ ಹಾಗೆ ನೀರು ತುಂಬಿ, ವಾಲ್ವಿನ ಜಾಗಕ್ಕೆ ಬಿರಡೆ ಹಾಕಿ, ಪ್ಲಂಬರ್‌ಗಳು ಹೊಸ ಮನೆಯ ಪೈಪ್‌ಲೈನ್ ನೋಡಲು ಬಳಸುವ ಟೆಸ್ಟಿಂಗ್ ಪಂಪಿನಿಂದ 2 ಕೆಜಿ ಏರಿಸಿ. ಹತ್ತು ನಿಮಿಷ ಗೇಜ್ ಇಳಿಯಬಾರದು, ಮುಚ್ಚಳ ಉಬ್ಬಬಾರದು. ನೀರು ಒತ್ತಿದರೆ ಕುಗ್ಗುವುದಿಲ್ಲ. ಹಾಗಾಗಿ ಎಲ್ಲಾದರೂ ಬಿಟ್ಟರೆ ಒಂದು ಚಿಮ್ಮು ಚಿಮ್ಮಿ ಸುಮ್ಮನಾಗುತ್ತದೆ. ಅದೇ ಜಾಗ ಉಗಿಯಲ್ಲಿ ಬಿಟ್ಟರೆ, ಉಗಿಯಾಗುವ ಒಂದೊಂದು ಗ್ರಾಂ ನೀರೂ ಒಂದೂವರೆ ಲೀಟರಿಗಿಂತ ಜಾಸ್ತಿ ಹಿಗ್ಗಿ ಹೊರಬರುತ್ತದೆ. ಆಮೇಲೆ ಬಿರಡೆ ತೆಗೆದು ವಾಲ್ವ್ ಹಾಕಿ, ಎಂಜಿನ್ ನಿಲ್ಲಿಸಿ, ಪೂರ್ತಿ ಉರಿ ಕೊಟ್ಟು ನೋಡಿ. ವಾಲ್ವ್ ಒಂದೇ ಎಲ್ಲ ಉಗಿಯನ್ನೂ ಬಿಟ್ಟು ಗೇಜನ್ನು ಒಂದು ಕೆಜಿ ಹತ್ತಿರವೇ ನಿಲ್ಲಿಸಬೇಕು. ಇದನ್ನು ಅಂಗಳದಲ್ಲಿ ಮಾಡಿ, ಸೈಜುಗಲ್ಲಿನ ಹಿಂದೆ ಇಟ್ಟು, ಮಗನನ್ನು ದೂರ ನಿಲ್ಲಿಸಿ. 25 ಲೀಟರಿಗಿಂತ ಚಿಕ್ಕ ಬಾಯ್ಲರ್ ನಮ್ಮ ಬಾಯ್ಲರ್ ಕಾನೂನಿನ ಲೆಕ್ಕಕ್ಕೇ ಬರುವುದಿಲ್ಲ. ಯಾವ ಇನ್‌ಸ್ಪೆಕ್ಟರೂ ನಿಮ್ಮ ಮನೆಗೆ ಬರುವುದಿಲ್ಲ. ನೀವೇ ಇನ್‌ಸ್ಪೆಕ್ಟರ್, ಅಲ್ವಾ?

ಲಾರಿಗೆ ಬರೋಣ. ಚನ್ನಪಟ್ಟಣದ ಆಟಿಕೆಯ ಹೊಳಪು ಅರಗಿನದು. ಲೇತ್ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಬರೀ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅಂಥದ್ದರ ಮೇಲೆ ಬಾಯ್ಲರ್ ಇಟ್ಟರೆ ಬಣ್ಣವೆಲ್ಲ ಹರಿದು ಅಂಟಂಟು. ಮರದ ಲಾರಿಯ ಮೂತಿಯನ್ನು ಮಾತ್ರ ಉಳಿಸಿಕೊಳ್ಳಿ. ಅದರ ಹಿಂದೆ ಅಲ್ಯೂಮಿನಿಯಂ ಆಂಗಲ್‌ನ ಚಾಸಿ ಮಾಡಿ ಬಾಯ್ಲರನ್ನು ಅದರ ಮೇಲೆ ಕೂರಿಸಿ. ಮರಕ್ಕೂ ಬೆಂಕಿಗೂ ನಡುವೆ ಒಂದು ತಗಡು, ತಗಡಿನ ಎರಡೂ ಕಡೆ ಬೆರಳು ತೂರುವಷ್ಟು ಜಾಗ.

ಶಕ್ತಿಯ ಬಗ್ಗೆ ಜಾಸ್ತಿ ಕನಸು ಬೇಡ. ಸ್ಪಿರಿಟ್ 350 ವ್ಯಾಟಿನಷ್ಟು ಉರಿದರೆ ಚಕ್ರಕ್ಕೆ ಸಿಗುವುದು ಅರ್ಧ ವ್ಯಾಟ್ ಸಿಕ್ಕರೆ ದೊಡ್ಡದು. ಹಾಗಾಗಿ ಒಟ್ಟು ತೂಕ ಒಂದು ಕೆಜಿ ದಾಟದಿರಲಿ, ಎಂಜಿನ್ ಐದು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗಲಿ. 50 ಮಿ.ಮೀ. ಚಕ್ರವಾದರೆ ಸೆಕೆಂಡಿಗೆ ಒಂದಡಿ ಓಡುತ್ತದೆ. ಕೆಟ್ಟ ಪ್ರಿಂಟರ್ ಬಿಚ್ಚಿದರೆ ಹಲ್ಲಿನ ಚಕ್ರಗಳು ಬೇಕಾದಷ್ಟು ಸಿಗುತ್ತವೆ. ಪ್ಲಾಸ್ಟಿಕ್ಕಾದ್ದರಿಂದ ಬೆಂಕಿಯಿಂದ ದೂರ ಇಡಿ. ಮುಂದಿನ ಅಚ್ಚನ್ನು ಸ್ವಲ್ಪ ಓರೆ ಮಾಡಿ ಕೂರಿಸಿದರೆ ಲಾರಿ ಟೆರೇಸಿನಲ್ಲಿ ಸುತ್ತು ಹೊಡೆಯುತ್ತಿರುತ್ತದೆ. ಮರ್ಡಾಕ್‌ನ ಹಾಗೆ ಗಾಡಿಯ ಹಿಂದೆ ಓಡುವ ಪಾಡು ತಪ್ಪುತ್ತದೆ.

ಮೊದಲ ದಿನ ಉಗಿ ಬಿಟ್ಟ ತಕ್ಷಣ ಓಡದಿದ್ದರೆ ಗಾಬರಿ ಬೇಡ. ತಣ್ಣನೆಯ ಸಿಲಿಂಡರಿಗೆ ಹೋದ ಉಗಿ ನೀರಾಗಿ ಪಿಸ್ಟನ್ನಿಗೆ ಅಡ್ಡ ನಿಲ್ಲುತ್ತದೆ. ಫ್ಲೈವೀಲನ್ನು ಹತ್ತಿಪ್ಪತ್ತು ಸಲ ತಿರುಗಿಸಿ. ಪಿಚಕಾರಿಯಂತೆ ಬಿಸಿನೀರು ಉಗುಳುತ್ತದೆ, ಮುಖ ದೂರ ಇರಲಿ. ಸಿಲಿಂಡರ್ ಮುಟ್ಟಲಾಗದಷ್ಟು ಬಿಸಿಯಾದ ಮೇಲೆ ತಾನೇ ಹಿಡಿದುಕೊಳ್ಳುತ್ತದೆ. ಒಂದೇ ಸಿಲಿಂಡರಾದ್ದರಿಂದ ನಿಂತಲ್ಲಿಂದ ತಾನಾಗಿ ಹೊರಡುವುದಿಲ್ಲ, ಪ್ರತಿಸಲ ಒಂದು ತಳ್ಳು ಬೇಕು. ಹಿಮ್ಮುಖ ಹೋಗಬೇಕೆಂದರೆ ಉಗಿ ಪೈಪನ್ನು ಇನ್ನೊಂದು ತೂತಿಗೆ ಕೊಡಿ, ಅಷ್ಟೇ.

ಆಟ ಮುಗಿದ ಮೇಲೆ ಬಾಯ್ಲರ್ ತಣ್ಣಗಾಗಲು ಬಿಡಿ. ಬಿಸಿಯಿರುವಾಗ ಯಾವ ಬಿರಡೆಗೂ ಕೈ ಹಾಕಬೇಡಿ. ತಣ್ಣಗಾದ ಮೇಲೆ ವಾಲ್ವ್ ಬಿಚ್ಚಿ ನೀರು ಚೆಲ್ಲಿ, ಬಿಚ್ಚಿದ ಹಾಗೇ ಒಣಗಲು ಇಡಿ. ಸಿಲಿಂಡರಿಗೆ ಎರಡು ಹನಿ ದಪ್ಪ ಎಣ್ಣೆ ಬಿಟ್ಟು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ. ಇನ್ನು ಸ್ಟೆಪ್ನಿಗೆ ಮತ್ತೆ 30 ಪಾಯಿಂಟ್ ಗಾಳಿ ಹೊಡೆಸುವುದನ್ನು ಮರೆಯಬೇಡಿ.